ಅರ್ಥಶಾಸ್ತ್ರ ಓದಲಿಕ್ಕೆ ಫಾರಿನ್ನು: ಹುಬ್ಬಳ್ಳಿ-ಧಾರವಾಡದ ಕನ್ಸಲ್ಟನ್ಸಿಗೆ ಯಾವ ಕೆಲಸ ಒಪ್ಪಿಸಬೇಕು, ಯಾವುದನ್ನು ಒಪ್ಪಿಸಬಾರದು

ಹುಬ್ಬಳ್ಳಿಯ ವಿದ್ಯಾನಗರ, ದೇಶಪಾಂಡೆನಗರದಿಂದ ಧಾರವಾಡದ ಸಪ್ತಾಪುರದವರೆಗೆ ‘ಸ್ಟಡಿ ಅಬ್ರಾಡ್’ ಬೋರ್ಡಿಗೇನೂ ಬರವಿಲ್ಲ. ಎಂ.ಎಸ್. ಮಾಡಲು ಹೊರಟ ಬಿ.ಇ. ಹುಡುಗರಿಗೆ ಈ ಅಂಗಡಿಗಳು ಎಷ್ಟು ಉಪಯೋಗ ಎಂಬುದು ಬೇರೆ ಮಾತು. ಇಲ್ಲಿ ತೂಗಿ ನೋಡುತ್ತಿರುವುದು ಒಂದೇ ಗಿರಾಕಿಯ ಲೆಕ್ಕದಲ್ಲಿ: ಬಿ.ಎ. ಅಥವಾ ಎಂ.ಎ. ಅರ್ಥಶಾಸ್ತ್ರ ಮುಗಿಸಿ, ಹೊರದೇಶದಲ್ಲಿ ಅರ್ಥಶಾಸ್ತ್ರವನ್ನೇ ಮುಂದುವರಿಸಬೇಕೆನ್ನುವ ಹುಡುಗ ಅಥವಾ ಹುಡುಗಿ. ಈ ಗಿರಾಕಿಗೆ ಸಿಗುವ ಸೇವೆಯಲ್ಲಿ ಕಾಗದಪತ್ರದ ಭಾಗ ಚಲೋ ಇದೆ. ವಿಶ್ವವಿದ್ಯಾಲಯ ಆರಿಸಿಕೊಡುವ ಭಾಗ ನಂಬುವ ಹಾಗಿಲ್ಲ. ಎಸ್.ಒ.ಪಿ., ಅಂದರೆ ಏನು ಓದಬೇಕು, ಯಾಕೆ ಓದಬೇಕು ಎಂದು ಅರ್ಜಿಯ ಜೊತೆ ಕೊಡುವ ಬರಹ, ಅದನ್ನು ಬರೆದುಕೊಡುವ ಭಾಗವಂತೂ ಪುಕ್ಕಟೆ ಕೊಟ್ಟರೂ ಬೇಡ.

‘ಕೌನ್ಸೆಲಿಂಗ್ ಫ್ರೀ’ ಎಂಬುದು ಸುಳ್ಳಲ್ಲ, ಆದರೆ ಯಾಕೆ ಫ್ರೀ ಎಂದು ತಿಳಿದಿರಬೇಕು. ಬ್ರಿಟನ್, ಆಸ್ಟ್ರೇಲಿಯಾಗಳ ಬಹಳಷ್ಟು ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯನ್ನು ಕಳಿಸಿಕೊಟ್ಟ ಏಜೆಂಟರಿಗೆ ಮೊದಲ ವರ್ಷದ ಫೀಯಲ್ಲಿ ಶೇಕಡಾ ಇಂತಿಷ್ಟು ಎಂದು ಕಮಿಷನ್ ಕೊಡುತ್ತವೆ. ಅಮರಗೋಳದ ಎಪಿಎಂಸಿಯ ಅಡತಿ ಅಂಗಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ಚೀಲದೊಳಗಿನ ಮಾಲು ನೀವೇ. ಆಕ್ಸ್‌ಫರ್ಡ್, ಕೇಂಬ್ರಿಜ್ ಏಜೆಂಟರನ್ನು ಹತ್ತಿರ ಸೇರಿಸುವುದಿಲ್ಲ. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಕಮಿಷನ್ನಿಗೆ ಆಸ್ಪದವಿಲ್ಲ. ಬಾನ್ ವಿಶ್ವವಿದ್ಯಾಲಯದಲ್ಲಿ ಬೋಧನಾ ಶುಲ್ಕವೇ ಇಲ್ಲದ ಮೇಲೆ ಅದರಲ್ಲಿ ಶೇಕಡಾವಾರು ಎಲ್ಲಿಂದ ಬರಬೇಕು? ಹಾಗಾಗಿ ಜರ್ಮನಿ ಎಂದ ಕೂಡಲೇ ಎರಡರಲ್ಲಿ ಒಂದು ನಡೆಯುತ್ತದೆ: ‘ಜರ್ಮನಿ ಪ್ಯಾಕೇಜ್’ ಎಂದು ನಿಮ್ಮಿಂದಲೇ ಫೀ ಕೇಳುತ್ತಾರೆ, ಇಲ್ಲವೇ ಅಲ್ಲಿನ ಖಾಸಗಿ ಸಂಸ್ಥೆಯ ಕಡೆ ತಿರುಗಿಸುತ್ತಾರೆ. ಮೊದಲನೆಯದು ಪ್ರಾಮಾಣಿಕ ವ್ಯಾಪಾರ, ತಕರಾರಿಲ್ಲ. ಎರಡನೆಯದರಲ್ಲಿ ಜರ್ಮನಿಗೆ ಹೋಗಿಯೂ ದುಬಾರಿ ಫೀ ಕಟ್ಟಿ ಓದುವ ವಿಚಿತ್ರ ಪರಿಸ್ಥಿತಿ.

ಪರೀಕ್ಷೆ ಮಾಡುವುದು ಸುಲಭ. ಮೊದಲ ಭೇಟಿಯಲ್ಲೇ ಬಾನ್, ಮ್ಯಾನ್‌ಹೈಮ್, ಟುಲೂಸ್, ಬಾರ್ಸಿಲೋನಾ ಸ್ಕೂಲ್ ಆಫ್ ಎಕನಾಮಿಕ್ಸ್, ಪ್ಯಾರಿಸ್ ಸ್ಕೂಲ್ ಆಫ್ ಎಕನಾಮಿಕ್ಸ್ ಈ ಐದು ಹೆಸರು ಹೇಳಿ ಸುಮ್ಮನೆ ಕೂಡ್ರಿ. ಅರ್ಥಶಾಸ್ತ್ರಕ್ಕೆ ಯುರೋಪಿನಲ್ಲಿ ಗಟ್ಟಿ ಎನಿಸಿಕೊಂಡ ಜಾಗಗಳಿವು. ಎದುರಿನವರು ಗಣಿತ ಎಷ್ಟು ಓದಿದ್ದೀರಿ ಎಂದು ಕೇಳಿದರೆ ಆ ಅಂಗಡಿಯಲ್ಲಿ ಮಾತು ಮುಂದುವರಿಸಬಹುದು. ‘ಎಕನಾಮಿಕ್ಸ್ ಅಂದ್ರ ಭಾಳ ಕಾಂಪಿಟೇಶನ್ ಐತ್ರಿ, ಇಂಟರ್‌ನ್ಯಾಷನಲ್ ಬಿಸಿನೆಸ್ ತಗೋರಿ, ಹದಿನೈದು ದಿನದಾಗ ಆಫರ್ ಲೆಟರ್ ಬರ್ತೈತಿ’ ಎಂದರೆ ಚಹಾ ಕುಡಿದು ಎದ್ದು ಬನ್ನಿ.

ಗಣಿತದ ಈ ಮಾತೇ ಇಡೀ ವಿಷಯದ ಕೀಲಿ. ಕನ್ಸಲ್ಟನ್ಸಿಯವರು ತುಂಬಿಸಿಕೊಳ್ಳುವ ‘ಪ್ರೊಫೈಲ್ ಇವ್ಯಾಲ್ಯುಯೇಶನ್’ ಫಾರಂನಲ್ಲಿ ಸಾಮಾನ್ಯವಾಗಿ ಇರುವುದು ಪರ್ಸೆಂಟೇಜ್, ಬ್ಯಾಕ್‌ಲಾಗ್, ಐ.ಇ.ಎಲ್.ಟಿ.ಎಸ್. ಎಂಬ ಇಂಗ್ಲಿಷ್ ಪರೀಕ್ಷೆಯ ಬ್ಯಾಂಡ್, ಬಜೆಟ್. ಅರ್ಥಶಾಸ್ತ್ರ ವಿಭಾಗದ ಪ್ರವೇಶ ಸಮಿತಿ ಮೊದಲು ತೆರೆಯುವುದು ಟ್ರಾನ್‌ಸ್ಕ್ರಿಪ್ಟ್, ಅಂದರೆ ಓದಿದ ವಿಷಯಗಳ, ಅಂಕಗಳ ಪಟ್ಟಿ. ಅದರಲ್ಲಿ ಹುಡುಕುವುದು ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ, ಸಂಖ್ಯಾಶಾಸ್ತ್ರ, ಎಕನಾಮೆಟ್ರಿಕ್ಸ್. ಪಿಎಚ್.ಡಿ. ಆದರೆ ರಿಯಲ್ ಅನಾಲಿಸಿಸ್ ಕೂಡ. ನಮ್ಮ ಕಡೆಯ ಬಿ.ಎ.ಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಂಬ ಮೂರು ಐಚ್ಛಿಕ ವಿಷಯಗಳ ಜೋಡಣೆಯಲ್ಲಿ ಗಣಿತದ ಸುಳಿವೇ ಇರುವುದಿಲ್ಲ. ಇದು ವಿದ್ಯಾರ್ಥಿಯ ತಪ್ಪಲ್ಲ. ಆದರೆ ಶೇ. 85 ಅಂಕ ಇದ್ದರೂ ಅರ್ಜಿ ತಿರಸ್ಕಾರವಾದಾಗ ‘ಸೀಟು ಕಡಿಮೆ ಇದ್ದವು’ ಎಂಬ ಸಮಾಧಾನ ಸಿಗುತ್ತದೆಯೇ ಹೊರತು, ನಿಜವಾದ ಕಾರಣ ತಿಳಿಯುವುದೇ ಇಲ್ಲ.

ಕ್ರೆಡಿಟ್ಟಿನ ಲೆಕ್ಕ ಹಾಕಿ ನೋಡಿ. ಯುರೋಪಿನಲ್ಲಿ ಒಂದು ವರ್ಷದ ಓದಿಗೆ 60 ಇ.ಸಿ.ಟಿ.ಎಸ್. ಕ್ರೆಡಿಟ್, ಮೂರು ವರ್ಷಕ್ಕೆ 180. ಮೂರರಲ್ಲಿ ಒಂದು ವಿಷಯ ಅರ್ಥಶಾಸ್ತ್ರ, ಜೊತೆಗೆ ಕನ್ನಡ, ಇಂಗ್ಲಿಷ್ ಪತ್ರಿಕೆಗಳು ಬೇರೆ. ಅಂದರೆ ಅರ್ಥಶಾಸ್ತ್ರದ ಪಾಲು 60ಕ್ಕೂ ಕಡಿಮೆ, ಗಣಿತದ ಪಾಲು ಸೊನ್ನೆ. ಜರ್ಮನಿಯ ಅನೇಕ ಎಂ.ಎಸ್ಸಿ. ಕೋರ್ಸುಗಳು ಅರ್ಥಶಾಸ್ತ್ರಕ್ಕೆ ಇಷ್ಟು, ಗಣಿತ ಮತ್ತು ಸಂಖ್ಯಾಶಾಸ್ತ್ರಕ್ಕೆ ಇಷ್ಟು ಕ್ರೆಡಿಟ್ ಇರಲೇಬೇಕೆಂದು ಪ್ರವೇಶ ನಿಯಮದಲ್ಲಿ ಬರೆದಿರುತ್ತವೆ. ಆ ಸಾಲು ನಮಗೆ ಹೊಂದದಿದ್ದರೆ ಮಿಕ್ಕದ್ದೆಲ್ಲ ವ್ಯರ್ಥ. ಅಲ್ಲಿನ ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಮೂಲಕ ಹಾಕಿದ ಮೊದಲ ಅರ್ಜಿಯ 75 ಯುರೋ, ನಂತರದ ಒಂದೊಂದಕ್ಕೆ 30 ಯುರೋ ತಿರುಗಿ ಬರುವುದಿಲ್ಲ. ಅರ್ಥಶಾಸ್ತ್ರದ ಜೊತೆ ಗಣಿತ, ಸಂಖ್ಯಾಶಾಸ್ತ್ರ ತೆಗೆದುಕೊಂಡವರು ಈ ಲೆಕ್ಕದಲ್ಲಿ ಬಹಳ ಮುಂದಿರುತ್ತಾರೆ. ಕರ್ನಾಟಕ ವಿಶ್ವವಿದ್ಯಾಲಯದ ಎಂ.ಎ. ಮಾಡಿದರೆ ಅರ್ಥಶಾಸ್ತ್ರದ ಪಾಲು ತುಂಬುತ್ತದೆ, ಗಣಿತದ ತೂತು ಮಾತ್ರ ಹಾಗೇ ಉಳಿಯುತ್ತದೆ.

ನಮ್ಮ ಅಂಕವನ್ನು ಜರ್ಮನ್ ಗ್ರೇಡಿಗೆ ಪರಿವರ್ತಿಸುವ ಬವೇರಿಯನ್ ಸೂತ್ರದಲ್ಲೂ ಎಡವಟ್ಟಾಗುತ್ತದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಪಾಸು ಅಂಕಗಳ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಶೇ. 72 ಬಂದಿದೆ, ಪಾಸಿಗೆ 40 ಬೇಕು ಎಂದರೆ 28ನ್ನು 60ರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿದಾಗ 2.4. ಪಾಸು ಅಂಕ 35 ಎಂದು ಕೌಂಟರಿನವರು ತಪ್ಪಾಗಿ ಹಾಕಿದರೆ ಅದೇ ಅಂಕಪಟ್ಟಿ 2.3 ಆಗಿ ಕಾಣುತ್ತದೆ. ಜರ್ಮನಿಯಲ್ಲಿ 1 ಉತ್ತಮ, ಸಂಖ್ಯೆ ಏರಿದಷ್ಟೂ ಕೆಳದರ್ಜೆ. ಹಲವು ಕೋರ್ಸುಗಳು 2.5ಕ್ಕೆ ಗೆರೆ ಎಳೆಯುವುದರಿಂದ ಗೆರೆಯ ಹತ್ತಿರ ಇರುವವರಿಗೆ ಈ ಅಲ್ಪ ವ್ಯತ್ಯಾಸವೇ ದೊಡ್ಡದು. ಸಿ.ಜಿ.ಪಿ.ಎ. ಇದ್ದವರು 10 ಗರಿಷ್ಠ, 4 ಪಾಸು ಎಂದು ಹಾಕಿದರೆ 8.2ಕ್ಕೆ 1.9 ಬರುತ್ತದೆ. ಅಂಕಪಟ್ಟಿಯ ಹಿಂಬದಿಯಲ್ಲಿ ಪಾಸು ಅಂಕದ ವಿವರ ಇದ್ದರೆ ಆ ಬದಿಯನ್ನೂ ಸ್ಕ್ಯಾನ್ ಮಾಡಿ ಕಳಿಸಬೇಕು. ಮುಂಬದಿ ಮಾತ್ರ ಸ್ಕ್ಯಾನ್ ಮಾಡುವುದು ಕನ್ಸಲ್ಟನ್ಸಿಗಳ ಕೆಟ್ಟ ಚಾಳಿ.

ಗಣಿತದ ಕೊರತೆ ತುಂಬಿಕೊಳ್ಳಲು ದಾರಿಗಳಿವೆ, ಕೌಂಟರಿನಲ್ಲಿ ಅವು ಸಿಗುವುದಿಲ್ಲ ಅಷ್ಟೆ. ಐ.ಐ.ಟಿ.ಗಳು ನಡೆಸುವ ಎನ್.ಪಿ.ಟಿ.ಇ.ಎಲ್. ಆನ್‌ಲೈನ್ ಕೋರ್ಸು ಮಾಡಿ, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವುದು ಒಂದು. ಎಂ.ಐ.ಟಿ.ಯ ‘ಡೇಟಾ, ಎಕನಾಮಿಕ್ಸ್ ಆ್ಯಂಡ್ ಡಿಸೈನ್ ಆಫ್ ಪಾಲಿಸಿ’ ಮೈಕ್ರೋಮಾಸ್ಟರ್ಸ್ ಇನ್ನೊಂದು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಕಟ್ಟಿದ ಆನ್‌ಲೈನ್ ಓದು ಅದು. ಪರೀಕ್ಷೆಯ ಫೀ ಕುಟುಂಬದ ಆದಾಯದ ಮೇಲೆ ನಿರ್ಧಾರವಾಗುತ್ತದೆ. ಬ್ರಿಟನ್ನಿಗೇ ಹೋಗಬೇಕೆನ್ನುವವರು ಎರಡು ವರ್ಷದ ದಾರಿ ನೋಡಬೇಕು: ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಅಂದರೆ ಎಲ್.ಎಸ್.ಇ.ಯಲ್ಲಿ ಎಂ.ಎಸ್ಸಿ. ಎಕನಾಮಿಕ್ಸ್‌ಗೆ ಎರಡು ವರ್ಷದ ರೂಪವಿದೆ, ವಾರಿಕ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಡಿಪ್ಲೊಮಾ ಆದ ಮೇಲೆ ಎಂ.ಎಸ್ಸಿ. ಇದೆ. ಎಲ್.ಎಸ್.ಇ.ಯ ಎಂ.ಎಸ್ಸಿ. ಎಕನಾಮಿಕ್ಸ್ ತರಗತಿ ಶುರುವಾಗುವ ಮುನ್ನ ಸೆಪ್ಟೆಂಬರಿನಲ್ಲಿ ಗಣಿತ, ಸಂಖ್ಯಾಶಾಸ್ತ್ರದ ಕೋರ್ಸೇ ನಡೆಸುತ್ತಾರೆ ಎಂದ ಮೇಲೆ ಆ ವಿಷಯ ಎಷ್ಟು ಗಂಭೀರ ಎಂದು ತಿಳಿಯುತ್ತದೆ.

‘ಜಿ.ಆರ್.ಇ. ಬೇಕಾಗಿಲ್ಲ’ ಎಂಬುದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿರುವ ಇನ್ನೊಂದು ಆಮಿಷ. ನಮ್ಮಂಥ ಕಡೆಯ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಜಿ.ಆರ್.ಇ. ಎಂಬ ಈ ಪ್ರವೇಶ ಪರೀಕ್ಷೆ ಹೊರೆಯಲ್ಲ, ಆಸರೆ. ಹೊರಗಿನವರು ಹೆಸರೇ ಕೇಳದ ಕಾಲೇಜಿನಿಂದ ಬಂದವರ ಗಣಿತ ಗಟ್ಟಿ ಇದೆ ಎಂದು ತೋರಿಸಲು ಅದು ಒಳ್ಳೆಯ ಸಾಕ್ಷಿ. 2023ರ ಸೆಪ್ಟೆಂಬರಿನಿಂದ ಪರೀಕ್ಷೆ 1 ಗಂಟೆ 58 ನಿಮಿಷಕ್ಕೆ ಇಳಿದಿದೆ, ಅಂಕ ಐದು ವರ್ಷ ಚಲಾವಣೆಯಲ್ಲಿರುತ್ತದೆ. ಕ್ವಾಂಟ್ ಎಂಬ ಗಣಿತದ ಭಾಗದಲ್ಲಿ 170ಕ್ಕೆ 165ರ ಮೇಲೆ ಇರಲಿ. ಭಾಷೆಯ ಭಾಗವಾದ ವರ್ಬಲ್‌ನಲ್ಲಿ 150 ಬಂದರೂ ಅರ್ಥಶಾಸ್ತ್ರದವರು ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ.

ಅಮೆರಿಕದ ವಿಷಯದಲ್ಲಿ ಸಲಹೆಯ ಬಡತನ ಎದ್ದು ಕಾಣುತ್ತದೆ. ಅಲ್ಲಿ ಅರ್ಥಶಾಸ್ತ್ರದ ಪಿಎಚ್.ಡಿ.ಗೆ ಎಂ.ಎ. ಕಡ್ಡಾಯವಲ್ಲ. ಒಳ್ಳೆಯ ವಿಭಾಗಗಳಲ್ಲಿ ಪ್ರವೇಶ ಸಿಕ್ಕರೆ ಫೀ ಮಾಫಿ, ಮೇಲೆ ಸ್ಟೈಪೆಂಡ್. ಅರ್ಜಿಯ ಗಡುವು ಬಹುತೇಕ ಡಿಸೆಂಬರ್, ದುಡ್ಡಿನ ಸಮೇತ ಬಂದ ಆಫರ್‌ಗೆ ಉತ್ತರ ಕೊಡಲು ಏಪ್ರಿಲ್ 15ರ ತನಕ ಸಮಯ. ಈ ದಾರಿಯನ್ನು ಕನ್ಸಲ್ಟನ್ಸಿ ಬಾಯಿ ಬಿಟ್ಟು ಹೇಳುವುದಿಲ್ಲ. ಫೀ ಇಲ್ಲದಲ್ಲಿ ಕಮಿಷನ್ ಇಲ್ಲ. ಫೀ ಕಟ್ಟಿ ಮಾಡುವ ಮಾಸ್ಟರ್ಸ್‌ಗೆ ಹೋಗುವವರು ಒಂದು ಸಂಖ್ಯೆ ನೆನಪಿಡಬೇಕು: ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದ ಮೇಲೆ ಕೋರ್ಸಿನ ವಿಷಯ ಗುರುತಿಸುವ ಸಿ.ಐ.ಪಿ. ಕೋಡ್ 45.0603 ಎಂದಿದ್ದರೆ ಅದು ಎಕನಾಮೆಟ್ರಿಕ್ಸ್ ಮತ್ತು ಕ್ವಾಂಟಿಟೇಟಿವ್ ಎಕನಾಮಿಕ್ಸ್, ವಿಜ್ಞಾನ, ತಂತ್ರಜ್ಞಾನ, ಗಣಿತದ ‘ಸ್ಟೆಮ್’ ಪಟ್ಟಿಗೆ ಸೇರಿದ್ದು; ಓದಿನ ನಂತರ ಅಲ್ಲೇ ಕೆಲಸ ಮಾಡಲು ಬಿಡುವ 12 ತಿಂಗಳ ಒ.ಪಿ.ಟಿ.ಗೆ ಇನ್ನೂ 24 ತಿಂಗಳು ಸೇರುತ್ತದೆ. 45.0601 ಎಂದಿದ್ದರೆ ಸಾಮಾನ್ಯ ಅರ್ಥಶಾಸ್ತ್ರ, 12 ತಿಂಗಳಿಗೆ ಮುಗಿಯಿತು. ಹೊರಗೆ ನೋಡಿದರೆ ಎರಡಕ್ಕೂ ‘ಎಂ.ಎ. ಎಕನಾಮಿಕ್ಸ್’ ಎಂದೇ ಹೆಸರಿರಬಹುದು. ಸಾಲ ಮಾಡಿ ಹೋದವರಿಗೆ ಈ ಎರಡು ವರ್ಷದ ಅಂತರ ಎಂಥದು ಎಂದು ಬೇರೆ ಹೇಳಬೇಕೆ. ಅರ್ಜಿ ಹಾಕುವ ಮುನ್ನವೇ ವಿಭಾಗಕ್ಕೆ ಮೇಲ್ ಬರೆದು ಕೋಡ್ ಕೇಳಿ, ಉತ್ತರ ಕೊಡುತ್ತಾರೆ.

ಇನ್ನು ಎಸ್.ಒ.ಪಿ. ಟೆಂಪ್ಲೇಟಿನಲ್ಲಿ ತಯಾರಾದದ್ದನ್ನು ಮೊದಲ ಸಾಲಿನಲ್ಲೇ ಗುರುತಿಸಬಹುದು: ಬಾಲ್ಯದಿಂದಲೂ ದೇಶದ ಆರ್ಥಿಕತೆಯ ಬಗ್ಗೆ ಅಪಾರ ಕುತೂಹಲ, ತಂದೆಯವರ ಪ್ರೇರಣೆ, ನಿಮ್ಮ ವಿಶ್ವವಿದ್ಯಾಲಯದ ವಿಶ್ವದರ್ಜೆಯ ಸೌಲಭ್ಯ. ವಿಶ್ವವಿದ್ಯಾಲಯದ ಹೆಸರು ಅಳಿಸಿ ಬೇರೆಯದನ್ನು ಬರೆದರೂ ಅದಕ್ಕೆ ಏನೂ ಆಗುವುದಿಲ್ಲ. ಓದುವವರಿಗೆ ಬೇಕಿರುವುದು ಒಂದು ಪ್ರಶ್ನೆ, ಅದಕ್ಕೊಂದು ಡೇಟಾ, ಉತ್ತರ ಹುಡುಕಲು ನಿಮಗೆ ಇನ್ನೂ ಏನು ಕಲಿಯಬೇಕಾಗಿದೆ ಎಂಬ ಅರಿವು. ನಮ್ಮ ಸುತ್ತ ಇದಕ್ಕೆ ಕೊರತೆಯೇ? ಬ್ಯಾಡಗಿ ಮೆಣಸಿನಕಾಯಿಯನ್ನೇ ತಗೊಳ್ಳಿ. 2024ರ ಮಾರ್ಚಿನಲ್ಲಿ ದರ ಕುಸಿದಾಗ ಮಾರುಕಟ್ಟೆ ಪ್ರಾಂಗಣದಲ್ಲಿ ಬೆಂಕಿ ಬಿದ್ದದ್ದು ಎಲ್ಲರಿಗೂ ಗೊತ್ತು. ಹಿಂದಿನ ವರ್ಷ ಕೋಲ್ಡ್ ಸ್ಟೋರೇಜಿನಲ್ಲಿ ಉಳಿದ ಚೀಲಗಳು ಹೊಸ ಹಂಗಾಮಿನ ದರವನ್ನು ಎಷ್ಟು ಇಳಿಸುತ್ತವೆ? ಕಡ್ಡಿ, ಡಬ್ಬಿ ಎಂಬ ಎರಡು ಬಗೆಯ ಮೆಣಸಿನಕಾಯಿಗೂ ಪರಿಣಾಮ ಒಂದೇ ಇರುತ್ತದೆಯೇ? ಅಗ್‌ಮಾರ್ಕ್‌ನೆಟ್ ತಾಣದಲ್ಲಿ ದಿನವಹಿ ಆವಕ, ಕನಿಷ್ಠ, ಗರಿಷ್ಠ, ಮಾದರಿ ದರ ಸಿಗುತ್ತವೆ. ದಾಸ್ತಾನಿನ ಲೆಕ್ಕ ಸಿಗುವುದು ಕಷ್ಟ, ಆ ಕಷ್ಟವನ್ನೂ ಹಾಗೇ ಬರೆಯಬೇಕು. ಇಂಥ ಒಂದು ಪ್ಯಾರಾ ಆ ಟೆಂಪ್ಲೇಟಿನ ಎರಡು ಪುಟಕ್ಕಿಂತ ಭಾರ. ಹುಬ್ಬಳ್ಳಿ-ಧಾರವಾಡದ 24 ಗಂಟೆ ನೀರಿನ ಪ್ರಾಯೋಗಿಕ ಯೋಜನೆಯನ್ನು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿಗೇ ಬಂದು ಅಧ್ಯಯನ ಮಾಡಿದ್ದಾರೆ. ಅವರಿಗೆ ನಮ್ಮ ನಳದಲ್ಲಿ ಪ್ರಬಂಧ ಕಂಡಿತು, ನಮ್ಮ ಎಸ್.ಒ.ಪಿ.ಗಳಲ್ಲಿ ಮಾತ್ರ ‘ವಿಶ್ವದರ್ಜೆಯ ಸೌಲಭ್ಯ’.

ಶಿಫಾರಸು ಪತ್ರದ ವಿಷಯದಲ್ಲಿ ಎಚ್ಚರ. ‘ಮಾಸ್ತರ ಹೆಸರಲ್ಲಿ ಮೇಲ್ ಐಡಿ ನಾವೇ ಮಾಡಿ ಅಪ್‌ಲೋಡ್ ಮಾಡ್ತೇವ್ರಿ’ ಎಂದು ಯಾರಾದರೂ ಹೇಳಿದರೆ ಅದು ಸೇವೆಯಲ್ಲ, ಖೊಟ್ಟಿ ದಾಖಲೆ. ಸಿಕ್ಕಿಬಿದ್ದಾಗ ಪ್ರವೇಶ ರದ್ದಾಗುವುದು ನಿಮ್ಮದು. ಪಾಠ ಮಾಡಿದ ಪ್ರಾಧ್ಯಾಪಕರಿಗೆ ಎರಡು ತಿಂಗಳು ಮುಂಚೆ ನಿಮ್ಮ ಅಂಕಪಟ್ಟಿ, ಪ್ರಬಂಧದ ಪ್ರತಿ, ಗಡುವುಗಳ ಪಟ್ಟಿ ಕೊಡಿ. ಸಂಸ್ಥೆಯ ಮೇಲ್ ಐಡಿ ಇದ್ದವರಾದರೆ ಇನ್ನೂ ಚಲೋ. ಲಿಂಕ್ ಬಂದ ದಿನ ಸಾಧ್ಯವಾದರೆ ಪಕ್ಕದಲ್ಲೇ ಕೂತು ಲಾಗಿನ್ ಮಾಡಲು ನೆರವಾಗಿ, ಆದರೆ ಪತ್ರ ಅವರೇ ಬರೆಯಲಿ. ‘ಐ.ಇ.ಎಲ್.ಟಿ.ಎಸ್. ಇಲ್ಲದೇ’ ಹೋಗಲು ಕೊಡಿಸುವ ಬೋಧನಾ ಮಾಧ್ಯಮದ ಪತ್ರವೂ ಇದೇ ಜಾತಿ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವರಿಗೆ ಇಂಗ್ಲಿಷ್ ಮಾಧ್ಯಮ ಎಂಬ ಪತ್ರ ಯಾರು ಕೊಟ್ಟರೂ ಅದು ಸುಳ್ಳೇ. ಪರೀಕ್ಷೆ ಬರೆಯುವುದು ಒಳ್ಳೆಯದು, ಐ.ಇ.ಎಲ್.ಟಿ.ಎಸ್. ಅಂಕ ಎರಡು ವರ್ಷ ನಡೆಯುತ್ತದೆ.

ಈಗ ಹೊಗಳಬೇಕಾದ ಭಾಗ. ವೀಸಾ ಫೈಲು ಜೋಡಿಸುವುದರಲ್ಲಿ ಇಲ್ಲಿನ ಅನುಭವಿ ಕನ್ಸಲ್ಟನ್ಸಿಗಳ ಕೈ ಪಳಗಿದೆ, ಕೊಟ್ಟ ದುಡ್ಡು ಇಲ್ಲಿ ದಂಡವಲ್ಲ. ಹೆಸರಿನ ತಕರಾರು ಮೊದಲು. ನಮ್ಮ ಕಡೆ ಎಸ್.ಎಸ್.ಎಲ್.ಸಿ. ಕಾರ್ಡಿನಲ್ಲಿ ಹೆಸರು ಮುಂದೆ, ಅಡ್ಡಹೆಸರು ಹಿಂದೆ. ಡಿಗ್ರಿ ಅಂಕಪಟ್ಟಿಯಲ್ಲಿ ಪಾಟೀಲ ಮೊದಲು, ತಂದೆಯ ಹೆಸರು ಕೊನೆಗೆ. ಆಧಾರಿನಲ್ಲಿ ಬರೀ ಇನಿಶಿಯಲ್. ಪಾಸ್‌ಪೋರ್ಟ್ ಹುಬ್ಬಳ್ಳಿಯ ಸೇವಾ ಕೇಂದ್ರದಲ್ಲೇ ಆಗುತ್ತದೆ. ಆದರೆ ಮಾಡಿಸುವ ಮುನ್ನವೇ ಯಾವುದನ್ನು ಯಾವುದಕ್ಕೆ ಹೊಂದಿಸಬೇಕು ಎಂದು ಒಳ್ಳೆಯ ಕೌನ್ಸೆಲರ್ ಹತ್ತು ನಿಮಿಷದಲ್ಲಿ ಹೇಳುತ್ತಾರೆ. ಜರ್ಮನಿಗೆ 2022ರ ನವೆಂಬರಿನಿಂದ ನಿಮ್ಮ ಅಂಕಪಟ್ಟಿಗಳು ಅಸಲಿ ಎಂದು ದೃಢಪಡಿಸುವ ಎ.ಪಿ.ಎಸ್. ಪ್ರಮಾಣಪತ್ರ ಕಡ್ಡಾಯ, ಶುಲ್ಕ 18,000 ರೂ.; ಅದಿಲ್ಲದೆ ವೀಸಾ ಅರ್ಜಿ ಮುಂದೆ ಹೋಗುವುದಿಲ್ಲ. ವರ್ಷದ ಖರ್ಚಿಗೆಂದು 11,904 ಯುರೋ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯುರೋ ಕೈಗೆ ಬರುತ್ತದೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿರುವ ಮ್ಯಾನ್‌ಹೈಮ್‌ಗೆ ಸೆಮಿಸ್ಟರಿಗೆ 1,500 ಯುರೋ ಫೀ ಇದೆ ಎಂಬುದನ್ನು ‘ಜರ್ಮನಿ ಎಲ್ಲಾ ಫ್ರೀ’ ಎನ್ನುವವರು ಮರೆಯುತ್ತಾರೆ.

ಬ್ರಿಟನ್ನಿನ ಲೆಕ್ಕ ಬೇರೆ. ಮೊದಲ ವರ್ಷದ ಬಾಕಿ ಫೀ ಅಲ್ಲದೆ, 2025ರ ನವೆಂಬರ್ 11ರಿಂದ ಲಂಡನ್ನಿಗೆ ತಿಂಗಳಿಗೆ 1,529 ಪೌಂಡ್, ಹೊರಗೆ 1,171 ಪೌಂಡ್, ಒಂಬತ್ತು ತಿಂಗಳಿಗೆ ತೋರಿಸಬೇಕು. ಅಂದರೆ 13,761 ಅಥವಾ 10,539. ದುಡ್ಡು ಸತತ 28 ದಿನ ಖಾತೆಯಲ್ಲಿರಬೇಕು, ಒಂದೇ ದಿನ ಅದಕ್ಕಿಂತ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ. ಗೋವಿನಜೋಳ ಮಾರಿದ ದುಡ್ಡು ಅಪ್ಪನ ಖಾತೆಗೆ ಹಾಕಿ, ಇಪ್ಪತ್ತನೇ ದಿನ ಗೊಬ್ಬರಕ್ಕೆಂದು ತೆಗೆದರೆ ಫೈಲು ಅಲ್ಲಿಗೇ ಕೆಟ್ಟಿತು. ಅಪ್ಪನ ಖಾತೆಯಾದರೆ ಜನನ ಪ್ರಮಾಣಪತ್ರ, ಒಪ್ಪಿಗೆ ಪತ್ರ ಬೇಕು. ಪ್ರಮಾಣಪತ್ರ ಕನ್ನಡದಲ್ಲಿದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದವೂ ಬೇಕು. ಬ್ಯಾಂಕಿನ ಶಿಕ್ಷಣ ಸಾಲ ಮಂಜೂರಾದ ಪತ್ರವಿದ್ದರೆ 28 ದಿನದ ಗೋಜಿಲ್ಲ. ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್. ಹನ್ನೆರಡು ತಿಂಗಳ ಕೋರ್ಸಿಗೆ ವೀಸಾ ಅವಧಿ ಹೆಚ್ಚಿರುವುದರಿಂದ ಸಾಮಾನ್ಯವಾಗಿ 1,164 ಆಗುತ್ತದೆ. ಟಿ.ಬಿ. ಪರೀಕ್ಷೆ ಬ್ರಿಟನ್ ಒಪ್ಪಿದ ಕೇಂದ್ರದಲ್ಲೇ ಆಗಬೇಕು, ಅಂದರೆ ಬೆಂಗಳೂರಿಗೆ ಒಂದು ಓಡಾಟ, ವೀಸಾ ಅರ್ಜಿ ಪಡೆಯುವ ವಿ.ಎಫ್.ಎಸ್. ಕೇಂದ್ರದ ಬಯೋಮೆಟ್ರಿಕ್ಸ್ ಅದೇ ಓಡಾಟದಲ್ಲಿ ಮುಗಿಯುವಂತೆ ದಿನಾಂಕ ಹೊಂದಿಸಿಕೊಡುವುದು ಒಳ್ಳೆಯ ಕನ್ಸಲ್ಟನ್ಸಿಯ ಲಕ್ಷಣ. ಓದಿನ ನಂತರದ ಗ್ರ್ಯಾಜುಯೇಟ್ ರೂಟ್ ವೀಸಾ ಎರಡು ವರ್ಷದ್ದು, 2027ರ ಜನವರಿ 1ರಿಂದ ಹಾಕುವ ಅರ್ಜಿಗಳಿಗೆ 18 ತಿಂಗಳಿಗೆ ಇಳಿಯುತ್ತದೆ. ‘ಎರಡು ವರ್ಷ ಪಕ್ಕಾ’ ಎಂಬ ಹಳೆಯ ಪಾಂಪ್ಲೆಟ್ ಹಿಡಿದು ಕೂತವರನ್ನು ಅಲ್ಲೇ ಕೇಳಿ.

ಸಾಲದ ವಿಷಯದಲ್ಲಿ ಗದಗ, ಹಾವೇರಿ ಕಡೆಯ ರೈತ ಕುಟುಂಬಗಳಿಗೆ ಒಂದು ಮಾತು ಮೊದಲೇ ತಿಳಿದಿರಲಿ: ಎಷ್ಟೇ ಎಕರೆ ಎರೆಭೂಮಿ ಇದ್ದರೂ ಕೃಷಿ ಜಮೀನನ್ನು ಶಿಕ್ಷಣ ಸಾಲಕ್ಕೆ ಆಧಾರವಾಗಿ ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಎನ್.ಎ. ಆದ ಪ್ಲಾಟು, ಊರಿನ ಮನೆ, ಎಫ್.ಡಿ., ಎಲ್.ಐ.ಸಿ. ನಡೆಯುತ್ತವೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತು, ಹುಬ್ಬಳ್ಳಿ-ಧಾರವಾಡದೊಳಗಿನದಾದರೆ ಸಿ.ಟಿ.ಎಸ್. ಉತಾರ, ಜೊತೆಗೆ ಇ.ಸಿ., ವಕೀಲರ ಅಭಿಪ್ರಾಯ, ಮೌಲ್ಯಮಾಪನ ವರದಿ. ಮನೆ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ವಾರಸಾ ಆಗಿ ಉತಾರ ಬದಲಾಗಲು ತಿಂಗಳುಗಟ್ಟಲೆ ಹಿಡಿಯಬಹುದು, ಆದ್ದರಿಂದ ಈ ಕೆಲಸ ಜಿ.ಆರ್.ಇ. ತಯಾರಿಗಿಂತ ಮುಂಚೆ ಶುರುವಾಗಬೇಕು. ಬ್ಯಾಂಕುಗಳ ಸಂಘವಾದ ಐ.ಬಿ.ಎ.ಯ ಮಾದರಿ ಯೋಜನೆಯಲ್ಲಿ 7.5 ಲಕ್ಷದವರೆಗೆ ಆಸ್ತಿಯ ಆಧಾರ ಕೇಳುವುದಿಲ್ಲ; ಜರ್ಮನಿಯ ಬ್ಲಾಕ್ಡ್ ಅಕೌಂಟಿಗೇ ಅದು ಪೂರ್ತಿ ಸಾಲುವುದಿಲ್ಲ, ಲಂಡನ್ನಿಗಂತೂ ಏನೇನೂ ಸಾಲದು. ಕನ್ಸಲ್ಟನ್ಸಿಗಳು ನಾನ್-ಬ್ಯಾಂಕಿಂಗ್ ಕಂಪನಿಯ ಸಾಲದ ಕಡೆ ಅವಸರ ಮಾಡುತ್ತವೆ, ಅಲ್ಲೂ ಅವರಿಗೊಂದು ಪಾಲಿರುವುದುಂಟು. ರಾಷ್ಟ್ರೀಕೃತ ಬ್ಯಾಂಕಿನ ಬಡ್ಡಿ ದರ ಬರಹದಲ್ಲಿ ತಂದುಕೊಂಡ ಮೇಲೆ ಹೋಲಿಸಿ. ಸ್ವಂತ ದುಡ್ಡನ್ನು ವರ್ಷಕ್ಕೆ 10 ಲಕ್ಷಕ್ಕಿಂತ ಹೆಚ್ಚು ಹೊರಗೆ ಕಳಿಸಿದರೆ ಮೇಲಿನ ಮೊತ್ತಕ್ಕೆ ಟಿ.ಸಿ.ಎಸ್. ಎಂಬ ಮುಂಗಡ ತೆರಿಗೆ ಹಿಡಿಯುತ್ತಾರೆ, ಬ್ಯಾಂಕಿನ ಶಿಕ್ಷಣ ಸಾಲದ ದುಡ್ಡಿಗೆ ಹಿಡಿಯುವುದಿಲ್ಲ.

ವಿದ್ಯಾರ್ಥಿವೇತನದ ಬಗ್ಗೆ ಕೌಂಟರಿನಲ್ಲಿ ಸಿಗುವುದು ಆಯಾ ವಿಶ್ವವಿದ್ಯಾಲಯದ ಸಣ್ಣಪುಟ್ಟ ಫೀ ರಿಯಾಯಿತಿಯ ಮಾತು ಮಾತ್ರ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯ ಸರಕಾರದ ಪ್ರಬುದ್ಧ ಯೋಜನೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇವೆ. ಬ್ರಿಟನ್ ಸರಕಾರದ ಚೀವ್ನಿಂಗ್ ವೇತನಕ್ಕೆ 2,800 ಗಂಟೆಯ ಕೆಲಸದ ಅನುಭವ ಬೇಕು. ಅರ್ಥಶಾಸ್ತ್ರದವರು ತಪ್ಪದೇ ನೋಡಬೇಕಾದದ್ದು ಯುರೋಪಿಯನ್ ಒಕ್ಕೂಟದ ವೇತನ ಯೋಜನೆಯಾದ ಎರಾಸ್ಮಸ್ ಮುಂಡಸ್‌ನ ಕ್ಯೂ.ಇ.ಎಂ.: ಪ್ಯಾರಿಸ್ 1, ಬಾರ್ಸಿಲೋನಾ, ಬೀಲೆಫೆಲ್ಡ್, ವೆನಿಸ್ ಈ ನಾಲ್ಕು ಕಡೆಯವರು ಸೇರಿ ನಡೆಸುವ ಕ್ವಾಂಟಿಟೇಟಿವ್ ಎಕನಾಮಿಕ್ಸ್ ಮಾಸ್ಟರ್ಸ್. ವೇತನ ಸಿಕ್ಕರೆ ಫೀ ಇಲ್ಲ, ತಿಂಗಳಿಗೆ 1,400 ಯುರೋ.

ಒಪ್ಪಂದಕ್ಕೆ ಸಹಿ ಹಾಕುವಾಗ ಮೂರು ಸಂಗತಿ ಕಾಗದದ ಮೇಲೆ ಬರಲಿ. ಯಾವ ಕೆಲಸಕ್ಕೆ ಎಷ್ಟು ಫೀ, ವೀಸಾ ಆಗದಿದ್ದರೆ ಎಷ್ಟು ವಾಪಸು. ಅರ್ಜಿಯ ಪೋರ್ಟಲ್ ನಿಮ್ಮ ಮೇಲ್ ಐಡಿಯಲ್ಲೇ ತೆರೆಯಬೇಕು, ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಬೇಕು. ಇಲ್ಲದಿದ್ದರೆ ವಿಭಾಗದವರು ‘ಗಣಿತದ ಸಿಲಬಸ್ ಕಳಿಸಿ’ ಎಂದು ಕೇಳಿದ ಮೇಲ್ ಯಾರದೋ ಇನ್‌ಬಾಕ್ಸಿನಲ್ಲಿ ಕೊಳೆಯುತ್ತದೆ. ಕೊನೆಯದು ಮೂಲ ಅಂಕಪಟ್ಟಿಗಳು. ‘ಫೈಲಿನಾಗ ಇರ್ಲಿ ಬಿಡ್ರಿ’ ಎಂದು ಒರಿಜಿನಲ್ ಇಟ್ಟುಕೊಳ್ಳುವ ಕಡೆ ಬೇರೆ ಕನ್ಸಲ್ಟನ್ಸಿಗೆ ಹೋಗುವ ದಾರಿ ಮುಚ್ಚುತ್ತದೆ. ಎದುರಿಗೇ ಸ್ಕ್ಯಾನ್ ಮಾಡಿಸಿ, ಹಿಂಬದಿಯನ್ನೂ ಸೇರಿಸಿ, ಒರಿಜಿನಲ್ ವಾಪಸು ತಗೊಂಡೇ ಮೆಟ್ಟಿಲು ಇಳಿಯಿರಿ.